ಹುಟ್ಟಿದ ಸ್ಥಳ

ಕಿಸುಮುವಿನ ನೋಂದಣಿ ಕಚೇರಿಯ ಗೇಟಿನೆದುರು
ಬೇವಿನ ನೆರಳಲ್ಲಿ ನನ್ನ ಮೇಜು, ಒಂದು ಕಾಲು ಗಿಡ್ಡ.
ಪುಟಕ್ಕೆ ಐವತ್ತು ಶಿಲಿಂಗ್. ಅತ್ತರೆ ಅದಕ್ಕೆ ಬೇರೆ ದುಡ್ಡಿಲ್ಲ.
ಟೈಪ್‌ರೈಟರು ಹಳೆಯದು, ‘ಓ’ ಒತ್ತಿದರೆ ಕಾಗದ ತೂತು,
ಈ ಊರಿನ ಗಂಡಸರ ಹೆಸರೋ
ಮುಕ್ಕಾಲು ಪಾಲು ಅದರಿಂದಲೇ ಶುರು.

ಬೆಳಗಿನ ಮೊದಲ ಗಿರಾಕಿ ಒಬ್ಬ ಅಜ್ಜಿ.
ಸೊಂಟದ ಬಟ್ಟೆಯ ಗಂಟಿನಲ್ಲಿ
ಗಂಡನ ರೈಲ್ವೆ ಬಿಲ್ಲೆ, ಸವೆದು ನುಣುಪಾದದ್ದು.
ಪಿಂಚಣಿಗೆ ಅವನು ಸತ್ತ ಕಾಗದ ಬೇಕು,
ಅದನ್ನು ಕೇಳಲು ಇವಳು ಹೆಂಡತಿಯೆಂಬ ಕಾಗದ,
ಅದಕ್ಕೆ ಗುರುತಿನ ಚೀಟಿ, ಚೀಟಿಗೆ ಹುಟ್ಟಿದ ಕಾಗದ.
‘ಅಂದರೆ ಅವನು ಸಾಯಬೇಕಾದರೆ
ನಾನು ಮೊದಲು ಹುಟ್ಟಬೇಕು’ ಅಂದಳು.
ನಗಲಿಲ್ಲ. ನಾನೂ ನಗದೆ
ಕಾರ್ಬನ್ ಹಾಳೆ ಸಿಕ್ಕಿಸಿದೆ.

ಹೆಸರು?
ಅಓಕೊ.
ಹುಟ್ಟಿದ ಸ್ಥಳ?
ಅಓಕೊ.
ಅಜ್ಜೀ, ಹೆಸರಲ್ಲ, ಸ್ಥಳ.
‘ಅದನ್ನೇ ಹೇಳಿದೆನಲ್ಲ ಮಗಳೇ. ಮನೆಯ ಹೊರಗೆ
ಹುಟ್ಟಿದವಳಿಗೆ ನಮ್ಮಲ್ಲಿ ಇಡುವ ಹೆಸರು.
ಸೆಮೆಯ ದಾರಿ, ಅಮ್ಮನ ತಲೆಯ ಮೇಲೆ ಮೀನಿನ ಬುಟ್ಟಿ.
ಮನೆ ಮುಟ್ಟುವ ತನಕ ಅವಳಿಗೆ ತಾಳ್ಮೆಯಿತ್ತು,
ನನಗಿರಲಿಲ್ಲ.’

ಗಂಡನ ಹೆಸರು?
ಒಚೊಲ.
ಅವರ ತಂದೆ ಇದ್ದಾರೋ, ತೀರಿಕೊಂಡರೋ?
‘ಅದೂ ಅದರಲ್ಲೇ ಇದೆ.
ಅಪ್ಪ ಸತ್ತ ಮೇಲೆ ಹುಟ್ಟಿದವನು ಒಚೊಲ.
ಊಟಕ್ಕೆ ಕರೆದಾಗಲೆಲ್ಲ ಮಾವನ ಸಾವನ್ನು
ಒಮ್ಮೆ ಓದಿ ಹೇಳಿದಂತೆ.
ಐವತ್ತೊಂದು ವರ್ಷ ಓದಿದ್ದೇನೆ,
ಯಾರೂ ಮೊಹರು ಕೇಳಲಿಲ್ಲ.’

ಮದುವೆಗೆ ಸಾಕ್ಷಿ?
ಒಂಬತ್ತು ಹಸು.
ಒಂದೊಂದರ ಬಣ್ಣವನ್ನೂ ಹೇಳಿದಳು, ನಾನು ಬೆರಳೆತ್ತಿ ಕೂತೆ.
ಎಂಟನೆಯದಕ್ಕೆ ವಾರೆ ಕೊಂಬು.
ಒಂಬತ್ತನೆಯದು ಬರುತ್ತೇನೆಂದು ಹೊರಟದ್ದು
ಇನ್ನೂ ದಾರಿಯಲ್ಲೇ ಇದೆಯಂತೆ.
ನಮೂನೆಯಲ್ಲಿ ಹಸುವಿಗೆ ಜಾಗವಿಲ್ಲ.
ಹಿಂದೆ ನಿಂತಿದ್ದ ಒಗುತು ಮಾತ್ರ ನಿಟ್ಟುಸಿರಿಟ್ಟ:
ಅವನಿಗೆ ವಿಚ್ಛೇದನದ ಪ್ರತಿ ಬೇಕು,
ಹಸು ವಾಪಸು ಕೇಳೋಣವೆಂದರೆ
ಅವು ಆಗಲೇ ಮೊಮ್ಮಕ್ಕಳನ್ನು ಕಂಡಿವೆ.

ನನ್ನ ಹೆಸರು ಕ್ವಂಬೊಕ.
ನಮ್ಮ ಗುಸಿಯಲ್ಲಿ, ದಾಟಿದವಳು ಎಂದರ್ಥ.
ಮೊಣಕಾಲುದ್ದ ಕೆನ್ನೀರಿನಲ್ಲಿ, ಎರಡೂ ದಡ ಬಿಟ್ಟು
ಹೆತ್ತೆ ಎನ್ನುತ್ತಾಳೆ ಅಮ್ಮ.
ನನ್ನ ಜನನಪತ್ರ ಮಾತ್ರ
ಜಿಲ್ಲಾಸ್ಪತ್ರೆ, ಎರಡನೇ ವಾರ್ಡು ಎನ್ನುತ್ತದೆ.
ಅಪ್ಪ ಅದಕ್ಕೆ ಒಂದು ಕೋಳಿ ಕೊಟ್ಟಿದ್ದ.
ಇದನ್ನು ಅಜ್ಜಿಗೆ ಹೇಳಲಿಲ್ಲ.

ಮೂರನೇ ಕಿಟಕಿಯಲ್ಲಿ ಮುಟಿಂಡ.
ಕಾಂಬ ಮಾತಿನಲ್ಲಿ ಆ ಹೆಸರಿಗೆ
ದಿನ ತುಂಬಿದರೂ ತಡ ಮಾಡಿದವನು ಎಂದರ್ಥವಂತೆ.
ಸೋಮವಾರಗಳಂದು ನಿಜ.
ಪರದೆ ನೋಡಿದ, ಕಣ್ಣು ಕಿರಿದು ಮಾಡಿದ.
‘ಹೊರಗೆ ಎಂಬ ಸ್ಥಳ ಪಟ್ಟಿಯಲ್ಲಿಲ್ಲ ತಾಯಿ.
ಆಸ್ಪತ್ರೆ, ಇಲ್ಲವೇ ಮನೆ. ಎರಡರಲ್ಲೊಂದು ಹೇಳಿ.
ಮನೆ ಎಂದು ಹಾಕಲೇ?’
ನಾನು ಪಕ್ಕದಿಂದ ಹೂಂ ಅನ್ನು ಎಂದು ಸನ್ನೆ ಮಾಡಿದೆ.

‘ಮೇಲಿನ ಸಾಲು ಓದು’ ಅಂದಳು ನನಗೆ.
ಓದಿದೆ: ದೇವರ ಮೇಲೆ ಆಣೆಯಿಟ್ಟು ನಿಜವನ್ನೇ...
‘ಆಣೆ ಹಾಕಿಸಿ ಸುಳ್ಳು ಬರೆಸುತ್ತೀರಾ?
ಒಳಗೆ ಹುಟ್ಟಿದ್ದರೆ
ನಾನು ಬೇರೆ ಯಾರೋ ಆಗಿರುತ್ತಿದ್ದೆ.
ಒಚೊಲ ಆ ಇನ್ನೊಬ್ಬಳನ್ನು ಮದುವೆಯಾಗಲಿಲ್ಲ.’

ಸಾಲು ಸುಮ್ಮನಾಯಿತು. ಫ್ಯಾನು ಮಾತ್ರ ಗೊರಗೊರ.
ಮುಟಿಂಡ ನಮ್ಮ ಹಾಳೆಯನ್ನು ಬೆಳಕಿಗೆ ಹಿಡಿದ,
‘ಓ’ ಇದ್ದಲ್ಲೆಲ್ಲ ತೂತು,
ಅದರಲ್ಲೊಂದರಿಂದ ಇವಳನ್ನೇ ನೋಡಿದನೋ ಏನೋ.
‘ಮೇಲಿನವರನ್ನು ಕೇಳಬೇಕು. ಗುರುವಾರ ಬನ್ನಿ.’

ಅಜ್ಜಿ ಗಂಟು ಬಿಗಿದಳು. ಬಾಗಿಲ ತನಕ ಹೋದವಳು
ತಿರುಗಿ ನಿಂತು ಕೇಳಿದಳು:
‘ಗುರುವಾರ ಎಷ್ಟು ಹೊತ್ತಿಗೆ?
ಬಿಸಿಲು ನೆತ್ತಿಗೇರಿದ ಮೇಲೆ ಕರೆಯಬೇಡ ಮಗನೇ,
ಆಗ ಹುಟ್ಟಿದವಳ ಹೆಸರು ಅಚಿಯೆಂಗ್.
ಎಲ್ಲವನ್ನೂ ಮತ್ತೆ ಮೊದಲಿಂದ
ಟೈಪು ಮಾಡಿಸಬೇಕಾಗುತ್ತದೆ.’